ಮೊಳೆ ಬಿಟ್ಟ ಮೇಲೂ ಆರದ ಗಾಯ

ನಮ್ಮ ಬೀದಿಯ ಸೋಫಾ ರಿಪೇರಿಯವನ ನಾಲಿಗೆಯ ಎಡಭಾಗ ಈಗ ಇಲ್ಲ. ಅದನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಅವನದೇ ಮುಂಗೈಯ ಚರ್ಮ ತಂದು ಹೊಲಿದಿದ್ದಾರೆ. ಸಂಗತಿ ಇಷ್ಟು ದೂರ ಬರದಂತೆ ತಡೆಯಲು ದೊಡ್ಡ ಯಂತ್ರವೇನೂ ಬೇಕಿರಲಿಲ್ಲ. ಒಂದು ಟಾರ್ಚು, ‘ಬಾಯಿ ತೆಗಿ, ನೋಡೋಣ’ ಎನ್ನುವ ಒಬ್ಬ ಮನುಷ್ಯ, ಅಷ್ಟು ಸಾಕಿತ್ತು. ಟಾರ್ಚು ಎಲ್ಲರ ಜೇಬಿನ ಫೋನಿನಲ್ಲೂ ಇತ್ತು. ಆ ಮನುಷ್ಯ ಮಾತ್ರ ಅರ್ಧ ವರ್ಷ ಕಳೆದರೂ ಹುಟ್ಟಿಬರಲಿಲ್ಲ.

ಬೀದಿಯವರು ಅವನನ್ನು ಕರೆಯುವುದು ಮೊಳೆಬಾಯಿ ಎಂದು. ಕುರ್ಚಿಗೆ ಹೊಸ ಬಟ್ಟೆ ಹೊದಿಸುವಾಗ ಅವನ ಎರಡು ಕೈಗೂ ಬಿಡುವಿರುತ್ತಿರಲಿಲ್ಲ. ಎಡಗೈ ಬಟ್ಟೆಯನ್ನು ಚೌಕಟ್ಟಿನ ಮೇಲೆ ಬಿಗಿಯಾಗಿ ಎಳೆದು ಹಿಡಿದಿರಬೇಕು, ಬಲಗೈಯಲ್ಲಿ ಸುತ್ತಿಗೆ. ಹಾಗಾಗಿ ಸಣ್ಣ ಮೊಳೆಗಳನ್ನು ಬಾಯಿಗೆ ಸುರಿದುಕೊಳ್ಳುತ್ತಿದ್ದ. ನಾಲಿಗೆ ಒಳಗಿಂದಲೇ ಒಂದೊಂದನ್ನೂ ತಿರುಗಿಸಿ, ತಲೆ ಮುಂದಾಗಿ ತುಟಿಗಳ ನಡುವೆ ತಂದು ನಿಲ್ಲಿಸುತ್ತಿತ್ತು. ಸುತ್ತಿಗೆಯ ಮೂತಿಯಲ್ಲಿ ಅಯಸ್ಕಾಂತ. ತುಟಿಗೆ ತಾಗಿಸಿದರೆ ಮೊಳೆ ಅಂಟಿಕೊಳ್ಳುತ್ತಿತ್ತು, ಮರುಕ್ಷಣ ಮರದೊಳಗೆ. ಇದರ ನಡುವೆಯೇ ಬಾಯಿ ತುಂಬ ಮಾತು ಬೇರೆ.

“ಏನಯ್ಯಾ, ಸ್ಪ್ರಿಂಗು ಇಷ್ಟು ಬೇಗ ಕೂತುಹೋಯ್ತು?” ಎಂದು ದಪ್ಪನೆಯ ಗಿರಾಕಿಯೊಬ್ಬರು ಜಗಳಕ್ಕೆ ಬಂದಿದ್ದರು.

“ಮರ್ಯಾದಸ್ಥ ಸ್ಪ್ರಿಂಗು ಸಾರ್. ನೀವು ಕೂತ್ರಿ, ನಿಮಗೆ ಸಮನಾಗಿ ನಿಲ್ಲೋದು ಹೇಗೆ ಅಂತ ಅದೂ ಕೂತ್ಕೊಳ್ತು.”

ಜಗಳ ಅಲ್ಲಿಗೆ ಮುಗಿದಿತ್ತು. ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಗವಸು ಹೊಲಿಯುವ ಅವನ ಹೆಂಡತಿ ತಲೆ ಎತ್ತದೆ ಗದರುತ್ತಿದ್ದಳು: “ರೀ, ಒಂದಿನ ಮೊಳೆ ನುಂಗ್ತೀರ. ಬಾಯಿ ಮುಚ್ಚಿ ಕೆಲಸ ಮಾಡಿ.”

“ಮುಚ್ಚಿದ್ರೆ ಮೊಳೆ ಕಿವಿಯಿಂದ ಬರುತ್ತಾ?”

ಆ ನಾಲಿಗೆಯ ಎಡ ಅಂಚಿನಲ್ಲಿ, ದವಡೆ ಹಲ್ಲಿಗೆ ಎದುರಾಗಿ, ಒಂದು ಹುಣ್ಣು ಕಾಣಿಸಿಕೊಂಡಿತು. ಮೊಳೆ ಚುಚ್ಚಿದೆ ಎಂದ. ಅವನ ಕಸುಬಿನಲ್ಲಿ ಅದು ಹೊಸದಲ್ಲ. ಉಪ್ಪುನೀರು ಮುಕ್ಕಳಿಸಿದರೆ ನಾಲ್ಕು ದಿನದಲ್ಲಿ ಮಾಯವಾಗುತ್ತಿತ್ತು. ಈ ಸಲ ತಿಂಗಳು ಕಳೆದರೂ ಇತ್ತು. ಬೀದಿಯ ತುದಿಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವುದು ಅವನ ಹೆಂಡತಿಯ ತಮ್ಮ. ಒಳ್ಳೆಯವನು. ಭಾವನಿಗೆ ಹುಣ್ಣು ಎಂದು ಕೇಳಿದ್ದೇ ಹಚ್ಚುವ ಮುಲಾಮಿನ ಟ್ಯೂಬು ತಂದುಕೊಟ್ಟ.

“ಊಟಕ್ಕೆ ಮುಂಚೆ ಹಚ್ಚಿ ಭಾವ, ಉರಿ ಇರಲ್ಲ. ಬಾಯಿಗೆ ಸ್ವಲ್ಪ ರಜೆ ಕೊಡಿ.”

“ರಜೆ ಕೊಟ್ರೆ ನಿಮ್ಮಕ್ಕಂಗೆ ಉತ್ತರ ಕೊಡೋರ್ಯಾರಪ್ಪ? ನೀನು ಬಂದು ಕೂರ್ತೀಯಾ?”

ಇಬ್ಬರೂ ನಕ್ಕರು. ಟ್ಯೂಬು ಮುಗಿಯಿತು, ಇನ್ನೊಂದು ಬಂತು. ಮುಲಾಮು ಜಾಗವನ್ನು ಮರಗಟ್ಟಿಸುತ್ತಿತ್ತು, ಅದೇ ವಾಸಿಯ ಲಕ್ಷಣ ಎಂದುಕೊಂಡರು. ಕ್ಲಿನಿಕ್ಕಿಗೂ ಒಮ್ಮೆ ಹೋಗಿದ್ದ. ‘ಬಾಯಲ್ಲಿ ಹುಣ್ಣು’ ಎಂಬ ಎರಡು ಪದ ಮುಗಿಯುವುದರೊಳಗೆ ಅಲ್ಲಿನ ಡಾಕ್ಟರು ವಿಟಮಿನ್ ಮಾತ್ರೆ ಬರೆದು ಮುಗಿಸಿದ್ದರು. ಮೇಜಿನ ಆಚೆಯಿಂದ ಏಳಲಿಲ್ಲ, ಬಾಯಿ ತೆರೆಸಲಿಲ್ಲ. ಹೊರಗೆ ಸಾಲಿನಲ್ಲಿ ಜನ ಕಾಯುತ್ತಿದ್ದರಂತೆ. ಯಾಕೆ ನೋಡಲಿಲ್ಲ ಎಂದು ನಾನು ಆ ಡಾಕ್ಟರನ್ನು ಎರಡು ಸಲ ಕೇಳಿದ್ದೇನೆ, ಎರಡು ಸಲವೂ ಅದೇ ಉತ್ತರ.

ಕೊನೆಗೆ ಹೆಂಡತಿಯ ಹಟಕ್ಕೆ ಮೊಳೆ ಬಿಟ್ಟ. ಪಿನ್ನು ಹೊಡೆಯುವ ಗನ್ನು ಕೊಂಡುತಂದರು. ಅದು ಟಪ್ ಟಪ್ ಎಂದು ಬಟ್ಟೆಯನ್ನು ಮರಕ್ಕೆ ಕಚ್ಚಿಸುತ್ತದೆ, ಬಾಯಿಯ ಹಂಗಿಲ್ಲ. “ಕೆಲಸದಲ್ಲಿ ಈಗ ಕಬ್ಬಿಣದ ಅಂಶವೇ ಇಲ್ಲ” ಎಂದು ಗಿರಾಕಿಗಳ ಹತ್ತಿರ ದೂರುತ್ತಿದ್ದ. ಇನ್ನು ಹುಣ್ಣು ಒಣಗುತ್ತದೆ ಎಂದು ಎಲ್ಲರಿಗೂ ನೆಮ್ಮದಿಯಾಯಿತು. ನೆಮ್ಮದಿ ಎಷ್ಟಾಯಿತೆಂದರೆ, ಒಣಗಿತೇ ಎಂದು ಕೇಳುವುದನ್ನೇ ಮರೆತರು.

ಅಷ್ಟರಲ್ಲಿ ಎಡಕಿವಿ ನೋಯತೊಡಗಿತು. ಗನ್ನಿನ ಸದ್ದಿಗೆ ಎಂದರು. ಭಾವಮೈದುನ ಕಿವಿಗೆ ಬಿಡುವ ಹನಿ ಕೊಟ್ಟ. ಊಟ ಒಂದೇ ಪಕ್ಕಕ್ಕೆ ಅಗಿಯುತ್ತಿದ್ದ, ಆಮೇಲೆ ಬರೀ ಗಂಜಿ. ಹೊಟ್ಟೆ ಕರಗಿತಲ್ಲ, ಹುಡುಗನ ಹಾಗಾದೆ ಎಂದು ಬೀದಿ ಹೊಗಳಿತು. ಹೆಂಡತಿ ಅವನಿಗೊಂದು ಅಂಗಿ ಹೊಲಿಯಲೆಂದು ಕತ್ತಿನ ಸುತ್ತ ಟೇಪು ಹಿಡಿದಾಗ ದವಡೆಯ ಕೆಳಗೆ ಗೋಲಿಯಷ್ಟು ಗಟ್ಟಿಯಾದ ಗಂಟು ಬೆರಳಿಗೆ ತಾಕಿತು.

“ನೋವಿದ್ಯಾ?”

“ಇಲ್ಲ.”

“ನೋವಿಲ್ಲ ಅಂದ್ರೆ ಭಯವಿಲ್ಲ ಬಿಡಕ್ಕ” ಎಂದ, ಸುದ್ದಿ ಕೇಳಿ ಬಂದ ತಮ್ಮ. ಈ ಮಾತು ಇವತ್ತಿಗೂ ನನ್ನ ಮೈ ಉರಿಸುತ್ತದೆ. ಅವನೊಬ್ಬನ ಮೇಲಿನ ಸಿಟ್ಟಲ್ಲ ಇದು. ನಾವೆಲ್ಲರೂ ಆಡುವ ಮಾತು. ನೋಯುವ ಹಲ್ಲಿಗೆ ಊರೆಲ್ಲ ಓಡಾಡುತ್ತೇವೆ, ನೋಯದ ಗಂಟನ್ನು ಒಳ್ಳೆಯ ನೆಂಟನ ಹಾಗೆ ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ.

ಒಂದು ಬೆಳಿಗ್ಗೆ ದಿಂಬಿನ ಗವಸಿನ ಮೇಲೆ ರಕ್ತ ಕಂಡಿತು. ಹೆಂಡತಿ ಯಾರನ್ನೂ ಕೇಳಲಿಲ್ಲ. ದೊಡ್ಡ ಆಸ್ಪತ್ರೆಗೆ ಹೊರಡಿಸಿದಳು. ಕೌಂಟರುಗಳಲ್ಲಿ ಜಗಳವಾಡಲು ಒಬ್ಬರು ಬೇಕೆಂದು ನನ್ನನ್ನೂ ಕರೆದುಕೊಂಡಳು.

ಕಿವಿ ಮೂಗು ಗಂಟಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಎದ್ದು ನಿಂತರು. ಕೈಗವಸು ಹಾಕಿ, ಬಟ್ಟೆಯ ತುಂಡಿನಿಂದ ಅವನ ನಾಲಿಗೆ ಹಿಡಿದು ಹೊರಕ್ಕೆಳೆದು, ಪಕ್ಕಕ್ಕೆ ತಿರುಗಿಸಿ ಟಾರ್ಚು ಬಿಟ್ಟರು. ನಾನೂ ಬಗ್ಗಿ ನೋಡಿದೆ. ಅಂಚೆದ್ದ ಕುಳಿ, ನಡುವೆ ಕೆಂಪು, ಸುತ್ತ ಬೆಳ್ಳಗಿನ ಮಚ್ಚೆ. ದಿನವೂ ಮಾತಾಡಿಸುತ್ತಿದ್ದ ಮನುಷ್ಯನ ಬಾಯಲ್ಲಿ ಇದು ಇತ್ತೇ?

“ಎಷ್ಟು ದಿನದಿಂದ ಇದೆ?”

“ಆರು ತಿಂಗಳು ಆಗಿರ್ಬೇಕು ಡಾಕ್ಟ್ರೇ. ಮೊಳೆ ಚುಚ್ಚಿದ್ದು.” ತನ್ನ ಕಸುಬಿನ ಬಗ್ಗೆ ಹೇಳಿದ. ಅವನ ಮಾತು ಆಗಲೇ ದಪ್ಪವಾಗಿತ್ತು.

“ಈಗಲೂ ಬಾಯಿಗೆ ಮೊಳೆ ಹಾಕ್ತೀರಾ?”

“ಇಲ್ಲಮ್ಮ. ಬಿಟ್ಟು ಮೂರು ತಿಂಗಳಾಯ್ತು.” ಶಹಬ್ಬಾಸ್ ಎನ್ನಿಸಿಕೊಳ್ಳಲು ಕಾದವನ ಹಾಗೆ ಹೇಳಿದ.

“ಮೂರು ತಿಂಗಳಿಂದ ಮೊಳೆ ಇಲ್ಲ. ಹಾಗಾದ್ರೆ ಈ ಗಾಯ ಯಾವುದರದ್ದು?”

ಅವನು ಹೆಂಡತಿಯ ಮುಖ ನೋಡಿದ, ಆಕೆ ನನ್ನ ಮುಖ ನೋಡಿದಳು. ಇಷ್ಟು ಸರಳ ಪ್ರಶ್ನೆ ನಮ್ಮಲ್ಲಿ ಒಬ್ಬರ ತಲೆಗೂ ಬಂದಿರಲಿಲ್ಲ.

ಕಿವಿ? ಗನ್ನಿನ ಸದ್ದು. ಸಣ್ಣಗಾಗಿದ್ದು? ಗಂಜಿ. ಗಂಟು? ನೋವಿಲ್ಲವಲ್ಲ. ಹೆಂಡತಿ ಒಂದೊಂದಕ್ಕೂ ಉತ್ತರ ಕೊಡುತ್ತ ಹೋದ ಹಾಗೆ ಆಕೆಯ ದನಿ ಇಳಿಯುತ್ತ ಹೋಯಿತು. ಕೊನೆಯದನ್ನು ಹೇಳುವಾಗ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್. ಕತ್ತಿನ ಗಂಟಿಗೂ ಇಳಿದಿತ್ತು.

“ಬೀಡಿ ಸಿಗರೇಟು ಮುಟ್ಟಿದೋರಲ್ಲ ಡಾಕ್ಟ್ರೇ, ಹೊಗೆಸೊಪ್ಪು, ಕುಡಿತ ಏನೂ ಇಲ್ಲ” ಎಂದಳು ಹೆಂಡತಿ, ಬಂದ ಕಾಯಿಲೆ ಆ ಮಾತು ಕೇಳಿ ವಿಳಾಸ ತಪ್ಪಿತೆಂದು ಎದ್ದುಹೋಗುತ್ತದೇನೋ ಎಂಬಂತೆ.

“ಅದೆಲ್ಲ ಇದ್ದೋರಿಗೆ ಜಾಸ್ತಿ ಬರುತ್ತಮ್ಮ. ಇಲ್ಲದೋರಿಗೆ ಬರೋದೇ ಇಲ್ಲ ಅಂತಲ್ಲ.”

“ಹಂಗಾದ್ರೆ ಮೊಳೆಯಿಂದ್ಲೇ ಬಂತಾ?”

“ಮೊಳೆಯಿಂದ ಬಂತು ಅಂತ ನಾನು ಹೇಳಲ್ಲ. ಮೊಳೆ ಅಂದ್ಕೊಂಡು ತಡ ಮಾಡಿದ್ರಿ, ಅಷ್ಟು ಹೇಳಬಲ್ಲೆ.”

ಅವನು ಕೇಳಿದ್ದು ಒಂದೇ. “ನಾಲಿಗೆ ಉಳಿಯುತ್ತಾ?”

“ಮೊದಲು ಜೀವ ನೋಡೋಣ. ನಾಲಿಗೆ ಎಷ್ಟು ಉಳಿಸ್ಬೋದೋ ಅಷ್ಟು ಉಳಿಸ್ತೀವಿ. ಶುರುವಲ್ಲೇ ಬಂದಿದ್ರೆ ಸಣ್ಣ ತುಂಡು ತೆಗೆದು ಮುಗಿಸಬಹುದಿತ್ತೇನೋ.”

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಂದೆವು. ತಂದವರು ಶತ್ರುಗಳಲ್ಲ. ಮುಲಾಮು ಕೊಟ್ಟ ತಮ್ಮ, ಗನ್ನು ಕೊಡಿಸಿದ ಹೆಂಡತಿ, ಮೈ ಇಳಿಯಿತೆಂದು ಹೊಗಳಿದ ನಾವು. ಓದುವ ನೀವು ಅಯ್ಯೋ ಪಾಪ ಎನ್ನಬೇಡಿ, ನನಗದು ಬೇಡ. ಎದ್ದು ಕನ್ನಡಿಯ ಮುಂದೆ ಬಾಯಿ ತೆರೆಯಿರಿ. ಮೂರು ವಾರ ಕಳೆದರೂ ಆರದ ಹುಣ್ಣಿಗೆ ಯಾವ ಕಾರಣವನ್ನೂ ಹುಡುಕಬೇಡಿ, ಡಾಕ್ಟರನ್ನು ಹುಡುಕಿ. ಬೋಧಿಸುವ ಮೇಷ್ಟರ ದನಿ ಒಡೆದು ಹಾಗೇ ಉಳಿದರೆ ಅದಕ್ಕೆ ಪಾಠವೇ ಕಾರಣ ಎನ್ನುತ್ತೀರಿ. ಅಜ್ಜಿಗೆ ತುತ್ತು ನುಂಗುವಾಗ ಸಿಕ್ಕಿಕೊಂಡರೆ ವಯಸ್ಸು ಎನ್ನುತ್ತೀರಿ. ಕತ್ತಿನಲ್ಲಿ ಗಂಟು ಕೂತು ಕರಗದಿದ್ದರೆ ನೋವಿಲ್ಲವಲ್ಲ ಎನ್ನುತ್ತೀರಿ. ಇವೆಲ್ಲ ಹೆಚ್ಚಿನ ಸಲ ಬೇರೆ ಸಣ್ಣ ಕಾಯಿಲೆಯೇ ಇರಬಹುದು. ಅದನ್ನು ಹೇಳಬೇಕಾದವರು ಬಾಯೊಳಗೆ ನೋಡಿದವರು, ಬೀದಿಯಲ್ಲಿ ನಿಂತವರಲ್ಲ. ನೋಡದೆ ಔಷಧಿ ಬರೆಯುವವರಿದ್ದರೆ ಬಾಯಿ ತೆರೆದುಕೊಂಡೇ ಅವರ ಮುಂದೆ ಕೂತಿರಿ.

ಶಸ್ತ್ರಚಿಕಿತ್ಸೆಯಾಯಿತು, ಆಮೇಲೆ ವಿಕಿರಣ. ಸದ್ಯಕ್ಕೆ ಕಾಯಿಲೆ ಕಾಣುತ್ತಿಲ್ಲ, ಇನ್ನೂ ವರ್ಷಗಟ್ಟಲೆ ತಪ್ಪದೆ ಬಂದು ತೋರಿಸಿಕೊಳ್ಳಬೇಕು ಎಂದಿದ್ದಾರೆ. ಮಾತು ಕಲಿಸುವವರ ಹತ್ತಿರ ಹೋಗುತ್ತಾನೆ. ಸಣ್ಣ ಮಾತುಗಳು ಬರುತ್ತವೆ. ಉದ್ದನೆಯದು ಬಾಯಲ್ಲೇ ಕಲಸಿಹೋಗುತ್ತದೆ.

ಮೊನ್ನೆ ಅಂಗಡಿಗೆ ಹೋಗಿದ್ದೆ. ಒಂದು ಕುರ್ಚಿ ಮಗುಚಿಟ್ಟುಕೊಂಡು ಕೆಲಸ ಮಾಡುತ್ತಿದ್ದ. ಹೆಂಡತಿಯ ಕಡೆ ತಿರುಗಿ ಏನೋ ಹೇಳಿದ, ಉದ್ದನೆಯದು, ಕೊನೆಯಲ್ಲಿ ಹುಬ್ಬು ಹಾರಿಸಿದ. ತಮಾಷೆ ಎಂದು ಗೊತ್ತಾಯಿತು, ಏನೆಂದು ತಿಳಿಯಲಿಲ್ಲ. ಹೆಂಡತಿ ನಕ್ಕಳು.

ಅವನು ಅವಳನ್ನೇ ನೋಡಿದ. “ನಾನೇನಂದೆ, ಹೇಳು.”

ಆ ಎರಡು ಪದ ಸ್ಪಷ್ಟವಾಗಿದ್ದವು. ಹೊಲಿಗೆ ಯಂತ್ರ ನಿಂತಿತು. ಆಕೆಗೂ ತಿಳಿದಿರಲಿಲ್ಲ. ಅವನು ಗನ್ನು ಕೆಳಗಿಟ್ಟು, ಅದೇ ಮಾತನ್ನು ಮತ್ತೆ ಮೊದಲಿಂದ, ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದ. ಆಕೆ ಎದ್ದು ಬಂದು ಅವನ ಎದುರು ನೆಲದ ಮೇಲೆ ಕೂತು, ಅವನ ಬಾಯನ್ನೇ ನೋಡುತ್ತ ಕೇಳಿಸಿಕೊಂಡಳು.