ಗಂಡನನ್ನೂ ಒಳಗೆ ಕರೆದ ಸಂದರ್ಶನ

ನಾನು ಮನಶ್ಶಾಸ್ತ್ರ ಕಲಿಸುವವಳು. ಗಂಡ-ಹೆಂಡತಿ ಯಾಕೆ ಕಚ್ಚಾಡುತ್ತಾರೆ, ಕಚ್ಚಾಡಿಯೂ ಯಾಕೆ ಒಟ್ಟಿಗಿರುತ್ತಾರೆ ಎಂಬುದೇ ನನ್ನ ಸಂಶೋಧನೆ. ನಾಸಿಕ್‌ನಲ್ಲಿ ತಾಸಿನ ಲೆಕ್ಕದಲ್ಲಿ ಪಾಠ ಮಾಡಿ ಮಾಡಿ ಸಾಕಾಗಿತ್ತು. ಸಂಭಾಜಿನಗರದ ಒಂದು ವಿಶ್ವವಿದ್ಯಾಲಯದಿಂದ ಕಾಯಂ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಾಗ, ಇದೂ ಕೈತಪ್ಪಿದರೆ ಇನ್ನು ವಯಸ್ಸೂ ಇಲ್ಲ, ತಾಳ್ಮೆಯೂ ಇಲ್ಲ ಎಂದುಕೊಂಡೆ.

ನಾಸಿಕ್ ಪಕ್ಕದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿರುವ ನನ್ನ ಯಜಮಾನರು ರಜೆ ಹಾಕಿ ಕಾರು ತೆಗೆದರು. ನಿಫಾಡ್ ದಾಟುವಾಗ ಗಕ್ಕನೆ ನಿಲ್ಲಿಸಿ ಒಂದು ಪೆಟ್ಟಿಗೆ ದ್ರಾಕ್ಷಿ ಹೊತ್ತು ತಂದರು.

“ಯಾರಿಗ್ರೀ ಇದು?”

“ಇಂಟರ್‌ವ್ಯೂ ಮಾಡೋ ಸಾಹೇಬ್ರಿಗಿ. ಬರಿಗೈಲೆ ಹ್ಯಾಂಗ ಹೋಗೋದು?”

“ನಾ ನೌಕ್ರಿ ಕೇಳ್ಲಾಕ ಹೊಂಟೀನಿ, ಬೀಗರ ಮನಿಗಲ್ಲ. ನಿಮಗ ಒಂಚೂರರೆ ತಿಳಿಯಂಗಿಲ್ಲೇನ್ರೀ?”

ಯೇವಲಾ ಬಂತು, ವೈಜಾಪುರ ಬಂತು, ಅವರ ಮುಖದ ಗಂಟು ಬಿಚ್ಚಲಿಲ್ಲ. ನನ್ನದೂ ಅಷ್ಟೇ.

ಸಂದರ್ಶನವೇನೋ ಚೆನ್ನಾಗಿಯೇ ನಡೆಯಿತು. ಕೊನೆಗೆ ಸಮಿತಿಯ ಅಧ್ಯಕ್ಷರು, “ಅಡುಗೆಯವರನ್ನು ಇಟ್ಟುಕೊಳ್ಳುವಾಗ ಸಾರು ರುಚಿ ನೋಡುತ್ತೇವೆ. ಸಂಬಂಧಗಳ ಪ್ರೊಫೆಸರ್ ಅಂದಮೇಲೆ ಗಂಡನನ್ನೇ ಕೇಳಬೇಕಲ್ಲ” ಎಂದು ಮರಾಠಿಯಲ್ಲಿ ಹೇಳಿ ನಕ್ಕರು. ತಮಾಷೆ ಅಂದುಕೊಂಡು ನಾನೂ ಹಲ್ಲು ಕಿರಿದೆ. ಜವಾನ ಹೋಗಿ ನಿಜವಾಗಿಯೂ ಕರೆದುಕೊಂಡು ಬಂದೇಬಿಟ್ಟ.

ಯಜಮಾನರು ಬಾಯಿತುಂಬ ದ್ರಾಕ್ಷಿ ತುಂಬಿಕೊಂಡೇ ಒಳಗೆ ಬಂದರು. ಹೊರಗೆ ಬೆಂಚಿನ ಮೇಲೆ ಕೂತು ಅರ್ಧ ಪೆಟ್ಟಿಗೆ ಖಾಲಿ ಮಾಡಿದ್ದರಂತೆ. ನನಗೆ ಜೀವ ಬಾಯಿಗೆ ಬಂತು.

“ನಿಮ್ಮಿಬ್ಬರ ಕೊನೆಯ ಜಗಳ ಯಾವಾಗ ಆಯಿತು?” ಅಧ್ಯಕ್ಷರು ಕೇಳಿದರು.

“ನಿಫಾಡ್‌ನಲ್ಲಿ ಶುರುವಾಗಿದೆ ಸರ್, ಇನ್ನೂ ಮುಗಿದಿಲ್ಲ” ಅಂದರು ಪುಣ್ಯಾತ್ಮರು, ಚೊಕ್ಕ ಮರಾಠಿಯಲ್ಲಿ. ಸಮಿತಿಯೆಲ್ಲ ಗೊಳ್ಳೆಂದಿತು. ಹೋಯಿತು ಕೆಲಸ ಎಂದು ನಾನು ಫೈಲು ಮಡಚತೊಡಗಿದೆ.

“ಕೆಲಸ ಸಿಕ್ಕರೆ ಮೇಡಂ ಇಲ್ಲೇ ಇರಬೇಕಾಗುತ್ತದೆ. ನೀವು ಓಝರ್‌ನಲ್ಲಿ ಒಬ್ಬರೇ. ನಡೆಯುತ್ತದೆಯೇ?” ಅಧ್ಯಕ್ಷರು ಮತ್ತೆ ಕೇಳಿದರು.

ಅದನ್ನು ನಾವು ಮನೆಯಲ್ಲಿ ಮಾತಾಡಿಯೇ ಇರಲಿಲ್ಲ. ಊರವರ ಸಂಸಾರವನ್ನೆಲ್ಲ ಕೆದಕಿ ಕೇಳುವ ನನಗೆ ಇದೊಂದು ಕೇಳಲು ಧೈರ್ಯ ಬಂದಿರಲಿಲ್ಲ. ಯಜಮಾನರು ನನ್ನತ್ತ ತಿರುಗಿ, ಅಷ್ಟು ಜನರ ಎದುರಿಗೇ, ಕನ್ನಡದಲ್ಲಿ ಮೆಲ್ಲಗೆ ಅಂದರು: “ನೀ ಇಲ್ಲಿಗಿ ಬಂದ್ರ ನಾ ಯಾರ ಕೂಡ ಜಗಳಾಡ್ಲಿ? ನನಗ ಒಬ್ಬಂಗ ಆ ಮನ್ಯಾಗ ಇರ್ಲಾಕ ಆಗಂಗಿಲ್ಲ.”

ಇಷ್ಟು ವರ್ಷದಲ್ಲಿ ಆ ಮನುಷ್ಯ ಇಂಥ ಮಾತು ಆಡಿದ್ದೇ ಇಲ್ಲ. ಎದ್ದು ಇವರ ಜೊತೆ ಮನೆಗೆ ಹೋಗಿಬಿಡೋಣ ಅನ್ನಿಸಿತು. ಈ ಕೆಲಸ ಬೇಕೇ ಬೇಕು ಅಂತಲೂ ಅನ್ನಿಸಿತು.

“ಏನಂದರು?” ಕನ್ನಡ ಬಾರದ ಅಧ್ಯಕ್ಷರು ನನ್ನನ್ನು ಕೇಳಿದರು.

“ಅವರದೇನೂ ಅಭ್ಯಂತರವಿಲ್ಲವಂತೆ ಸರ್” ಎಂದೆ ಮರಾಠಿಯಲ್ಲಿ.

ಯಜಮಾನರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, ಅದೇ ಚೊಕ್ಕ ಮರಾಠಿಯಲ್ಲಿ, “ಹೌದು ಸರ್, ಅದನ್ನೇ ಹೇಳಿದೆ” ಎಂದರು.