ಎರಡು ದರ್ಜೆಯ ರೂಪಾಯಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಸವಕಲ್ಯಾಣದ ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆಯ ಕೌಂಟರಿನಲ್ಲಿ ಕೂರುತ್ತಿದ್ದೆ. ಹಳೆಯ ನಾಣ್ಯ ಕೂಡಿಸುವ ಹುಚ್ಚು ನನಗೆ ಹತ್ತಿದ್ದು ಅಲ್ಲಿಯೇ. ತಿಂಗಳಿಗೊಂದು ಭಾನುವಾರ ಬಸ್ಸು ಹಿಡಿದು ಹುಮನಾಬಾದಿಗೆ ಹೋಗುತ್ತಿದ್ದೆ. ಖಜಾನೆ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಅಲ್ಲಿ ನಾಣ್ಯಗಳಿಗೆ ದರ್ಜೆ ಕೊಡುತ್ತಿದ್ದರು. ಅವರು ನನಗೆ ಕಾಕಾ, ಅವರ ಹೆಂಡತಿ ಕಾಕು.

ದರ್ಜೆ ಎಂದರೆ ನಾಣ್ಯ ಎಷ್ಟು ಸವೆದಿದೆ, ಎಲ್ಲಿ ಕೆಟ್ಟಿದೆ ಎನ್ನುವುದರ ತೀರ್ಪು. ಕಾಕಾ ನಾಣ್ಯವನ್ನು ಸಣ್ಣ ಕಾಗದದ ಪಾಕೀಟಿನಲ್ಲಿ ಹಾಕಿ, ಮೇಲೆ ‘ಫೈನ್’ ಅಥವಾ ಅದಕ್ಕಿಂತ ಮೇಲಿನ ‘ಎಕ್ಸ್‌ಟ್ರಾ ಫೈನ್’ ಎಂದು ಬರೆದು, ತಾರೀಖು ಹಾಕಿ ಸಹಿ ಮಾಡುತ್ತಿದ್ದರು. ಸೊಲ್ಲಾಪುರ, ಲಾತೂರಿನ ವ್ಯಾಪಾರಿಗಳೂ ಆ ಸಹಿ ಕಂಡರೆ ಮರುಮಾತಾಡುತ್ತಿರಲಿಲ್ಲ. ಅವರದೊಂದು ಕಟ್ಟುನಿಟ್ಟಿತ್ತು. ಕಪ್ಪು ಮಖಮಲ್ ಬಟ್ಟೆಯ ಮೇಲೆ ನಾವೇ ನಾಣ್ಯ ಇಡಬೇಕು. ಇಟ್ಟ ಮೇಲೆ ಅವರು ಅದನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಇದ್ದ ಹಾಗೆಯೇ ಭೂತಗನ್ನಡಿ ಹಿಡಿದು ನೋಡಿ, ಚಿಮಟಿಗೆಯಿಂದ ಒಮ್ಮೆ ಮೇಲಿನಿಂದ ಕೆಳಕ್ಕೆ ಮಗುಚಿ, ಇನ್ನೊಂದು ಬದಿ ನೋಡುತ್ತಿದ್ದರು. ಪಾರಸಿ ಅಕ್ಷರ ತಲೆಕೆಳಗಾಗಿದ್ದರೂ ತಿರುಗಿಸುತ್ತಿರಲಿಲ್ಲ. “ಓದಲಾಕ ಕುಂತಿಲ್ಲ ನಾ, ಸವೆದದ್ದು ನೋಡಲಾಕ ಕುಂತೀನಿ” ಅನ್ನುತ್ತಿದ್ದರು.

ಮಂಠಾಳದ ಮುದುಕಿಯೊಬ್ಬರಿಂದ ನಾನೊಂದು ನಿಜಾಮರ ಕಾಲದ ಬೆಳ್ಳಿ ರೂಪಾಯಿ ಕೊಂಡಿದ್ದೆ. ಹಿಂದೆ ಯಾರೋ ಅದಕ್ಕೆ ಕೊಂಡಿ ಬೆಸೆದು ಕೊರಳಿಗೆ ಹಾಕಿಕೊಂಡಿದ್ದರು. ಕೊಂಡಿ ಕಿತ್ತರೂ ಒಂದು ಅಂಚಿನಲ್ಲಿ ಬೆಸುಗೆಯ ಉಬ್ಬು ಉಳಿದಿತ್ತು. ಅಂಥ ಗುರುತಿದ್ದರೆ ದರ್ಜೆ ಇಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಕಾಕಾ ಅದನ್ನು ನೋಡಿ ‘ಎಕ್ಸ್‌ಟ್ರಾ ಫೈನ್’ ಎಂದು ಬರೆದರು. ನಾನು ಬಾಯಿ ಮುಚ್ಚಿಕೊಂಡು ಬಂದೆ. ನನಗೆ ಲಾಭವಾಗುವ ತಪ್ಪನ್ನು ನಾನೇಕೆ ತೋರಿಸಲಿ ಅನ್ನಿಸಿತ್ತು.

ಮಳೆಗಾಲದಲ್ಲಿ ಆ ಪಾಕೀಟಿಗೆ ತೇವ ಹತ್ತಿ ಅಕ್ಷರ ಹರಡಿತು. ಹೊಸ ಪಾಕೀಟಿಗಾಗಿ ಮತ್ತೆ ಹೋದೆ. ಕಾಕಾ ಒಂದೇ ನೋಟಕ್ಕೆ, “ಬೆಸುಗಿ ಹಾಕ್ಯಾರಲ್ಲ ಇದಕ್ಕ. ಫೈನ್ ಅಷ್ಟ” ಅಂದರು.

“ಹೋದ ಸಲ ಎಕ್ಸ್‌ಟ್ರಾ ಫೈನ್ ಅಂತ ಬರ್ದಿದ್ರಿ ಕಾಕಾ.”

ಅವರು ತಲೆ ಎತ್ತಿ ನನ್ನನ್ನೇ ನೋಡಿದರು. ಬಹಳ ಹೊತ್ತು ನೋಡಿದರು. “ಇದಕ್ಕ ಬರ್ದಿರಂಗಿಲ್ಲ” ಅಂದರು. ಹೊಸ ಪಾಕೀಟಿನ ಮೇಲೆ ‘ಫೈನ್’ ಎಂದೇ ಬರೆದು ಕೊಡುವಾಗ ಅವರ ಕೈ ಚಹಾದ ಕಪ್ಪಿಗೆ ತಾಗಿ ಚಹಾ ಚೆಲ್ಲಿತು. ಕಪ್ಪು ಅವರ ಎಡಗಡೆಗಿತ್ತು.

ಬಸವಕಲ್ಯಾಣದ ಕಿರಾಣಿ ಅಂಗಡಿಯವರೊಬ್ಬರು ನನ್ನ ಹಾಗೆಯೇ ನಾಣ್ಯ ಕೂಡಿಸುತ್ತಿದ್ದರು. ಅವರ ಮುಂದೆ ಈ ಮಾತು ಎತ್ತಿದೆ.

“ಇದರಾಗ ತಿಳೀಲಾರದ್ದು ಏನದರಿ ಅಕ್ಕಾರ? ಮುಖ ನೋಡಿ ಬರೀತಾರ” ಅಂದರು. ನನಗೆ ಪರೀಕ್ಷೆ ಮಾಡಬೇಕು ಅನ್ನಿಸಿತು. ಅದೇ ರೂಪಾಯಿಯನ್ನು ಅವರ ಕೈಯಲ್ಲಿ ಕಳಿಸಿದೆ. ‘ಎಕ್ಸ್‌ಟ್ರಾ ಫೈನ್’ ಎಂದು ಬರೆಸಿಕೊಂಡು ಬಂದರು. ಎರಡು ಪಾಕೀಟುಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆವು. ಒಂದೇ ನಾಣ್ಯ, ಒಂದೇ ಸಹಿ. ಎರಡರಲ್ಲೂ ಸಹಿಯ ಗೆರೆ ಮಾತ್ರ ಕಾಗದದ ಬಲ ಅಂಚಿಗೆ ಸರಿದಿತ್ತು. ಅದನ್ನು ಇಬ್ಬರೂ ನೋಡಿದೆವು, ಏನೂ ತಿಳಿಯಲಿಲ್ಲ.

ಅಂಗಡಿಯವರು ಸುಮ್ಮನಿರಲಿಲ್ಲ, ಕಾಕಾ ಮುಖ ನೋಡಿ ಬರೆಯುತ್ತಾರೆಂದು ಕಂಡವರಿಗೆಲ್ಲ ಹೇಳಿದರು. ಒಂದು ತಿಂಗಳೊಳಗೆ ಹುಲಸೂರಿನ ನಾಣ್ಯ ಕೂಡಿಸುವವರೂ ಹುಮನಾಬಾದಿಗೆ ಹೋಗುವುದು ಬಿಟ್ಟರು. ಆ ಸುದ್ದಿ ಎಲ್ಲಿಂದ ಹೊರಟಿತ್ತೆಂದು ನನಗೆ ಗೊತ್ತಿತ್ತು. ಆದರೂ ಮುಂದಿನ ತಿಂಗಳು ಕಾಕಾನ ಕಡೆ ಹೋಗದೆ ಉಳಿದೆ.

ಎರಡು ತಿಂಗಳ ಮೇಲೆ ಮನಸ್ಸು ತಡೆಯದೆ ಹೋದೆ. ಮನೆಗೆ ಬೇರೆ ಯಾರೂ ಬಂದಿರಲಿಲ್ಲ. ಕಾಕು ಬಾಗಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ನಾನು ಮಖಮಲ್ ಬಟ್ಟೆಯ ಮೇಲೆ ಅದೇ ರೂಪಾಯಿ ಇಟ್ಟೆ. ಕಾಕಾ ಭೂತಗನ್ನಡಿ ಹಿಡಿದರು, ಮಗುಚಿ ನೋಡಿದರು, ಮೊದಲಿನ ಬದಿಗೇ ತಂದಿಟ್ಟರು.

“ಎಕ್ಸ್‌ಟ್ರಾ ಫೈನ್.”

“ಬೆಸುಗಿ ಗುರ್ತ ಕಾಣಸ್ಲಿಲ್ಲೇನ್ರಿ?”

“ಎಲ್ಲಿ ಅದ? ತೋರ್ಸು.”

ನಾನು ನಾಣ್ಯದ ಅಂಚಿಗೆ ಬೆರಳಿಟ್ಟೆ. ಅವರು ಬಟ್ಟೆಯನ್ನೇ ನೋಡುತ್ತಾ ಕಾದರು. ಆಮೇಲೆ ಮೆಲ್ಲಗೆ ಕೇಳಿದರು, “ತೋರ್ಸು ಅಂದೆ. ನಿನ್ನ ಕೈ ಎಲ್ಲಿ ಅದ?”

ನನ್ನ ಕೈ ಅವರ ಕಣ್ಣಮುಂದೆಯೇ ಇತ್ತು. ನಾನು ಬಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ. ಬೆಸುಗೆಯ ಗುರುತು ಅವರ ಎಡದಿಂದ ಬಲಕ್ಕೆ ಬಂತು. ಕಾಕಾನ ಹುಬ್ಬು ಗಂಟಿಕ್ಕಿತು.

“ಇದು ಈಗ ಎಲ್ಲಿಂದ ಬಂತು?”

ಬಾಗಿಲಲ್ಲಿ ಕಾಕುವಿನ ಕೈ ನಿಂತಿತ್ತು. ಅವರು ಎದ್ದು ಬಂದು ನನ್ನನ್ನು ಅಡುಗೆಮನೆಗೆ ಕರೆದರು. “ಗಂಗಾಳದಾಗ ಎಡಗಡಿ ಬಡಿಸಿದ ಪಲ್ಯ ಹಂಗೇ ಬಿಟ್ಟು ಏಳ್ತಾರ. ಸೇರಂಗಿಲ್ಲ ಅಂತ ತಿಳ್ಕೊಂಡು ಪಲ್ಯ ಬದ್ಲಿ ಮಾಡಾಕತ್ತಿದ್ದೆ” ಅಂದರು. ಅಷ್ಟು ಹೇಳಿ ಸೆರಗಿನಿಂದ ಬಾಯಿ ಒತ್ತಿಕೊಂಡರು.

ಹೈದರಾಬಾದಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಕಣ್ಣಿನಲ್ಲಿ ದೋಷವಿರಲಿಲ್ಲ. ತಲೆಯೊಳಗೆ ಬಲಗಡೆ ಗಡ್ಡೆ ಬೆಳೆದಿತ್ತು. ಅದರಿಂದ ಎರಡೂ ಕಣ್ಣಿಗೆ ಎಡಭಾಗ ಕಾಣದಂತಾಗಿತ್ತು. ಕಾಣುತ್ತಿಲ್ಲ ಎನ್ನುವುದೂ ಅವರಿಗೆ ಗೊತ್ತಾಗಿರಲಿಲ್ಲ. ಇದು ಯಾವಾಗಿನಿಂದ ಶುರುವಾಯಿತು ಎಂದು ಡಾಕ್ಟರು ಕೇಳಿದರು. ಕಾಕು ನನ್ನ ಮುಖ ನೋಡಿದರು.

ಅದಕ್ಕೆ ಉತ್ತರ ಪಾಕೀಟುಗಳಲ್ಲಿತ್ತು. ಊರಿಗೆ ಬಂದು ನನ್ನವನ್ನೂ ಪರಿಚಯದವರವನ್ನೂ ಕೂಡಿಸಿ ತಂದೆ. ಕಾಕುವಿನ ಮಂಚದ ಮೇಲೆ ತಾರೀಖಿನ ಪ್ರಕಾರ ಸಾಲಾಗಿ ಇಟ್ಟೆವು. ಕಣ್ಣಿಗೆ ಹೊಡೆಯುವಂಥ ಗೀರು, ತೂತು, ಬೆಸುಗೆ ಇದ್ದೂ ಮೇಲಿನ ದರ್ಜೆ ಸಿಕ್ಕ ನಾಣ್ಯಗಳನ್ನು ಬೇರೆ ಮಾಡಿದೆವು. ಆ ವರ್ಷದವೇ ಇರಬೇಕು ಅಂದುಕೊಂಡಿದ್ದೆವು. ಹಿಂದಿನ ವರ್ಷವೂ ಸಿಕ್ಕವು. ಪ್ರತಿ ಪಾಕೀಟು ತೆರೆಯುವಾಗಲೂ ಇದರೊಳಗೆ ಅಂಥದ್ದು ಇರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅದಕ್ಕೂ ಹಿಂದಿನ ವರ್ಷದಲ್ಲಿ ಎರಡು ಸಿಕ್ಕವು, ಅದರಾಚೆಗೆ ಒಂದು. ಅಲ್ಲಿಗೆ ಮೂರು ವರ್ಷವಾಗಿತ್ತು.

ಕಾಕು ಆ ಕೊನೆಯ ಪಾಕೀಟನ್ನು ಕೈಯಲ್ಲಿ ಹಿಡಿದುಕೊಂಡು, “ಆ ಚಳಿಗಾಲದಾಗ ಬಾಗಲಕ್ಕ ಹಣಿ ಬಡ್ಕೊಂಡಿದ್ರು. ನಾ ನಕ್ಕಿದ್ದೆ” ಅಂದರು.

ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ಎಡಗಡೆಯ ನೋಟ ಮಾತ್ರ ಮರಳಲಿಲ್ಲ. ತಲೆಗೆ ಬಿಳಿ ಟೊಪ್ಪಿಗೆ ಹಾಕಿಕೊಂಡು ಕಾಕಾ ಮಾಡಿದ ಮೊದಲ ಕೆಲಸ ಪಾಕೀಟು ಪಡೆದವರಿಗೆಲ್ಲ ಕಾರ್ಡು ಬರೆಸಿದ್ದು. ಅವರು ಹೇಳಿದರು, ನಾನು ಬರೆದೆ: ನನಗೆ ಕಾಣುತ್ತಿರಲಿಲ್ಲ, ಮೂರು ವರ್ಷದಿಂದ ಈಚಿನ ದರ್ಜೆ ನಂಬಬೇಡಿರಿ, ಪಾಕೀಟು ತಂದರೆ ನನ್ನ ಸಹಿಗೆ ಗೀಟು ಹೊಡೆದು ರದ್ದು ಮಾಡುತ್ತೇನೆ. ಕೆಲವರು ಬಂದರು. ಕಿರಾಣಿ ಅಂಗಡಿಯವರು ‘ಫೈನ್’ ಎಂದಿದ್ದ ಪಾಕೀಟು ಮಾತ್ರ ತಂದರು. ‘ಎಕ್ಸ್‌ಟ್ರಾ ಫೈನ್’ ಎಂದಿದ್ದವು ಎಲ್ಲಿ ಎಂದು ಕೇಳಿದ್ದಕ್ಕೆ, “ಮಾರಿ ಹೋಗ್ಯಾವ್ರಿ” ಅಂದರು.

ಒಂದು ಮಧ್ಯಾಹ್ನ ತಡೆಯಲಾರದೆ ಹೇಳಿಬಿಟ್ಟೆ. “ಕಾಕಾ, ನಿಮ್ಮ ಮ್ಯಾಲ ಸಂಶಯ ಪಟ್ಟಿದ್ದೆ. ಮುಖ ನೋಡಿ ಬರೀತೀರಿ ಅನ್ನೋ ಮಾತು ನನ್ನಿಂದಲೇ ಹಬ್ಬಿತು.”

“ನಾನೂ ಪಟ್ಟಿದ್ದೆ ತಂಗಿ. ನೀ ನಾಣ್ಯ ಬದ್ಲಿ ಮಾಡಿ ತಂದು ನನ್ನ ಪರೀಕ್ಷಾ ಮಾಡಾಕತ್ತೀ ಅಂತ. ಕಳ್ಳಿ ಅಂತ ನಿಮ್ಮ ಕಾಕುಗೂ ಹೇಳಿದ್ದೆ” ಅಂದರು.

ಕಾಕು ಹೌದೆಂದು ತಲೆಯಾಡಿಸಿದರು. ಮೂವರೂ ನಗಲಿಲ್ಲ.

ಆಮೇಲೆ ಅವರು ನಾಲ್ಕು ವರ್ಷ ಬದುಕಿದರು. ಕೊನೆಯ ವರ್ಷ ಬಲಗಡೆಯೂ ಮಸುಕಾಗಾಕತ್ತದ ಎಂದು ಕಾಕು ಕಚೇರಿಗೆ ಫೋನು ಮಾಡಿದರು. ರಜೆ ಚೀಟಿ ಬರೆದಿಟ್ಟು ಸಿಕ್ಕ ಬಸ್ಸು ಹತ್ತಿದೆ. ನಾನು ಹೋದಾಗ ಅವರು ನಿದ್ದೆಯಲ್ಲಿದ್ದರು. ಕಾಕು ರೊಟ್ಟಿ ಬಡಿದರು, ನಾನು ಹಂಚಿನ ಮೇಲೆ ಮಗುಚಿ ಹಾಕಿದೆ. ಊಟಕ್ಕೆ ಎಬ್ಬಿಸಿದೆವು. ಅರ್ಧ ರೊಟ್ಟಿ ತಿಂದರು.