ನನ್ನದೆಂದು ಹೇಳಲಾಗುವ ನಾಟಕ ಮತ್ತು ಹುಮನಾಬಾದಿನಲ್ಲಿ ಕಂಡ ಹಿಂದಿ ಚಿತ್ರದ ವಿಷಯವಾಗಿ

ಮಾನ್ಯ ಓದುಗರಲ್ಲಿ ಸವಿನಯ ನಿವೇದನೆ. ನನ್ನ ಕಾಗುಣಿತ ಶುದ್ಧವಾಗಿಲ್ಲ, ಅಕ್ಷರವೂ ದುಂಡಗಿಲ್ಲ. ಮೊದಲಿಗೇ ಅದಕ್ಕಾಗಿ ಕ್ಷಮೆ ಕೋರುತ್ತೇನೆ. ನಾನು ಶಾಲೆಯಲ್ಲಿ ಕಲಿತದ್ದು ಉರ್ದು. ನಿಜಾಮರ ಆಡಳಿತದಲ್ಲಿ ನಮ್ಮ ಕಡೆಯ ಸರ್ಕಾರಿ ಶಾಲೆಗಳಲ್ಲಿ ಅದೇ ನಡೆಯುತ್ತಿತ್ತು. ೧೯೫೬ರಲ್ಲಿ ಬೀದರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದಾಗ ನಾನು ಬಸವಕಲ್ಯಾಣದ ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದೆ. ಕನ್ನಡವು ಮನೆಯ ಮಾತಾಗಿತ್ತೇ ಹೊರತು ಬರೆಯಲು ಬರುತ್ತಿರಲಿಲ್ಲ. ಮೇಲಿನಿಂದ ಬಂದ ಸುತ್ತೋಲೆಗಳನ್ನು ನಕಲು ಮಾಡುತ್ತ ಕಲಿತೆ. ಆದ್ದರಿಂದ ಸ್ವಂತ ಸಂಗತಿಯನ್ನು ಬರೆಯುವಾಗಲೂ ಕೈ ಅದೇ ದಾರಿಯನ್ನು ಹಿಡಿಯುತ್ತದೆ. ಇದಕ್ಕೂ ಮುಂಚೆ ನಾನು ಓದುಗರಿಗಾಗಿ ಏನನ್ನೂ ಬರೆದವನಲ್ಲ. ಒಂದು ನಾಟಕ ಬರೆದೆನೆಂದು ನಮ್ಮೂರಿನಲ್ಲಿ ಹೇಳುತ್ತಾರೆ. ಈ ಬರಹವು ಆ ಹೇಳಿಕೆಗೆ ಸಂಬಂಧಿಸಿದ್ದು.

ಆ ಕಾಲದಲ್ಲಿ ಧಾರವಾಡದ ಕಡೆಯಿಂದ ನಮ್ಮೂರ ಶಾಲೆಗೆ ಒಬ್ಬ ಹೆಡ್‌ಮಾಸ್ತರರು ಬಂದಿದ್ದರು. ಶಾಲೆ ಬಿಟ್ಟ ಮೇಲೆ ಕಚೇರಿಗೆ ಬಂದು, ನಮ್ಮಂಥ ಉರ್ದು ಓದಿದ ನೌಕರರಿಗೆ ಕನ್ನಡದ ಒತ್ತಕ್ಷರಗಳನ್ನು ಕಲಿಸುತ್ತಿದ್ದರು. ಅದಕ್ಕೆ ಅವರಿಗೆ ಯಾರೂ ಆದೇಶ ಕೊಟ್ಟಿರಲಿಲ್ಲ. ಅವರು ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರಾಗಿದ್ದು, ನನ್ನನ್ನು ತಮ್ಮಾ ಎಂದು ಕರೆಯುತ್ತಿದ್ದರು. ಒಂದು ವರ್ಷ ರಾಜ್ಯೋತ್ಸವಕ್ಕೆ ನೌಕರರೂ ಮಾಸ್ತರರೂ ಸೇರಿ ಕನ್ನಡ ನಾಟಕವನ್ನು ಆಡಬೇಕೆಂದು ನಿಶ್ಚಯಿಸಿ, ಬರೆಯುವ ಕೆಲಸವನ್ನು ನನಗೆ ವಹಿಸಿದರು.

ನಮ್ಮ ಕಚೇರಿಯ ಹಳೆಯ ದಫ್ತರದ ಕೋಣೆಯಲ್ಲಿ ಒಂದು ಉರ್ದು ನಾಟಕದ ಪುಸ್ತಕವು ಸಿಕ್ಕಿತ್ತು. ಅದರ ಮೊದಲ ಹಾಳೆಗಳು ಹರಿದುಹೋಗಿ, ಬರೆದವರ ಹೆಸರು ಉಳಿದಿರಲಿಲ್ಲ. ನಾನು ಒಂದು ದಪ್ಪ ನೋಟ್‌ಬುಕ್ ತಂದು, ಎಡಪುಟದಲ್ಲಿ ಉರ್ದುವನ್ನು ಇಳಿಸಿ, ಬಲಪುಟದಲ್ಲಿ ಅದರ ಕನ್ನಡವನ್ನು ಬರೆದೆ. ಕಚೇರಿಯ ಕಾಗದಪತ್ರಗಳನ್ನೂ ನಾನು ಹಾಗೆಯೇ ಕನ್ನಡಕ್ಕೆ ತರುತ್ತಿದ್ದೆ. ಕಥೆ ಇಷ್ಟು: ಒಬ್ಬ ದಿವಾನನು ಸಾಯುತ್ತಾನೆ, ಇಬ್ಬರು ಮಕ್ಕಳು ಕುರ್ಚಿಗಾಗಿ ಕಾದಾಡುತ್ತಾರೆ, ಮೆತ್ತಗಿದ್ದ ಕಿರಿಯನು ಕಡೆಗೆ ಎಲ್ಲರಿಗಿಂತ ಕ್ರೂರನಾಗುತ್ತಾನೆ. ನಾನು ದಿವಾನನನ್ನು ತಾಲೂಕಾ ಬೋರ್ಡಿನ ಅಧ್ಯಕ್ಷನನ್ನಾಗಿ ಮಾಡಿದೆ. ಆ ಉರ್ದು ಪುಸ್ತಕದಲ್ಲಿ ಹೆಣದ ಮೆರವಣಿಗೆಯು ಹಿಮದಲ್ಲಿ ಸಾಗುತ್ತಿತ್ತು, ಜನರು ಉದ್ದನೆಯ ಕೋಟು ತೊಟ್ಟಿದ್ದರು. ಹಿಮವನ್ನು ತೆಗೆದು ಬಿಸಿಲನ್ನು ಹಾಕಿದೆ.

ಒಂದು ದೃಶ್ಯ ಮಾತ್ರ ನನ್ನದು. ಸಾಹೇಬರು ಸತ್ತ ಮೇಲೂ ಅವರ ಜವಾನನು ಬೆಳಗಾದರೆ ಖಾಲಿ ಕೋಣೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತು, ಅರ್ಜಿ ಹಿಡಿದು ಬಂದವರಿಗೆಲ್ಲ "ಸಾಹೇಬ್ರು ಜಳಕಕ್ಕ ಹೋಗ್ಯಾರ, ಕುಂದರ್ರಿ" ಎನ್ನುತ್ತಾನೆ; ಏಕೆಂದರೆ ಇನ್ನು ಯಾರ ಹೆಸರನ್ನು ಹೇಳಬೇಕೆಂದು ಅವನಿಗೆ ಯಾರೂ ತಿಳಿಸಿರುವುದಿಲ್ಲ. ನಮ್ಮ ಕಚೇರಿಯಲ್ಲಿ ಒಬ್ಬ ಅಧಿಕಾರಿಯ ವರ್ಗಾವಣೆಯಾದಾಗ ಇದನ್ನು ನಾನು ಕಣ್ಣಾರೆ ಕಂಡಿದ್ದೆ. ನಾಟಕದಲ್ಲಿ ಆ ಪಾತ್ರವನ್ನು ಮಾಡಿದವನೂ ನಮ್ಮ ಕಚೇರಿಯ ಆ ಜವಾನನೇ. ಜನರು ನಕ್ಕರು, ಆಮೇಲೆ ಸುಮ್ಮನಾದರು.

ಆದರೆ ಅದಕ್ಕೆ ಮುಂಚೆಯೇ ಹ್ಯಾಂಡ್‌ಬಿಲ್ ಅಚ್ಚಾಗಿ ಬಂದಿತ್ತು. ಅದರಲ್ಲಿ 'ರಚನೆ' ಎಂಬುದರ ಕೆಳಗೆ ನನ್ನ ಹೆಸರಿತ್ತು. ಹೆಡ್‌ಮಾಸ್ತರರು ಅದನ್ನು ಎಲ್ಲರ ಮುಂದೆ ಎತ್ತಿ ಹಿಡಿದು, "ಒತ್ತಕ್ಷರ ಬರಲಾರದ ಮನಷಾ, ಇವತ್ತ ನಾಟಕ ಬರದಾನ ನೋಡ್ರಿ" ಎಂದರು. ಅನುವಾದವೆಂಬ ಒಂದೇ ಮಾತನ್ನು ಆಗ ಹೇಳಬೇಕಾಗಿತ್ತು. ನಾನು ಕೈಮುಗಿದು ನಿಂತೆ. ನೋಟ್‌ಬುಕ್ಕನ್ನು ಅವರು ಶಾಲೆಯ ಕಪಾಟಿನಲ್ಲಿ ಜೋಪಾನವಾಗಿ ಇಟ್ಟುಕೊಂಡರು.

ಅನೇಕ ವರ್ಷಗಳ ನಂತರ ಹುಮನಾಬಾದಿನ ಟಾಕೀಸಿಗೆ ಒಂದು ದೊಡ್ಡ ಹಿಂದಿ ಚಿತ್ರವು ಬಂತು. ರಾಜಕೀಯದ ಒಳಗುಟ್ಟನ್ನೆಲ್ಲ ಬಿಚ್ಚಿಡುತ್ತದೆಂದು ಜನರು ಬಹಳ ನಿರೀಕ್ಷೆ ಇಟ್ಟುಕೊಂಡಿದ್ದರು. ಅದನ್ನು ಮೊದಲು ನೋಡಿಬಂದ ಒಬ್ಬ ಮಾಸ್ತರರು, ಇದು ನಮ್ಮ ರಾಜ್ಯೋತ್ಸವದ ನಾಟಕವೇ ಎಂದು ಹೆಡ್‌ಮಾಸ್ತರರಿಗೆ ತಿಳಿಸಿದರು. ಮುಂದಿನ ರವಿವಾರ ಮಧ್ಯಾಹ್ನದ ಆಟಕ್ಕೆ ಹೆಡ್‌ಮಾಸ್ತರರು, ಜವಾನ ಮತ್ತು ನಾನು ಕಲ್ಯಾಣದಿಂದ ಬಸ್ ಹತ್ತಿದೆವು. ನಾನು ಜ್ವರವೆಂದು ಹೇಳಿ ನೋಡಿದ್ದೆ. ಹೆಡ್‌ಮಾಸ್ತರರು ನನ್ನ ಹಣೆ ಮುಟ್ಟಿ ನೋಡಿ, ನಡಿ ಎಂದಿದ್ದರು.

ರಾಜೇಶ್ವರ ದಾಟಿದ ಮೇಲೆ ಜವಾನನು ಕೇಳಿದ: "ಸಿನಿಮಾಕ್ಕ ಚೀಲ ಯಾಕ್ರಿ, ಗುರುಗಳ?"

"ಇದರಾಗ ನಮ್ಮ ನಾಟಕದ ನೋಟ್‌ಬುಕ್ ಅದ. ಸಿನಿಮಾ ಮುಗಿದ ಕೂಡಲೆ ವಕೀಲರ ಮನಿಗೆ ಹೋಗೂದು, ಬಾಂಬೆಯವರ ಮ್ಯಾಲ ಕಳವಿನ ಕೇಸು ಹಾಕೂದು. ನಾ ಮೊದಲ ಹೇಳಿ ಕಳಸೇನಿ."

"ನನ್ನ ಪಾರ್ಟ್ ಯಾವ ಹೀರೋ ಮಾಡ್ಯಾನೋ ನೋಡಬೇಕ್ರಿ. ನನಕಿಂತ ಚಂದ ಮಾಡಿದ್ರ ನೌಕರಿ ಬಿಡ್ತೀನಿ."

"ಬಿಡು. ಆ ಸ್ಟೂಲ್‌ಗೆ ಬಾಂಬೆಯಿಂದ ಅರ್ಜಿ ಬರ್ತಾವ," ಎಂದರು ಹೆಡ್‌ಮಾಸ್ತರರು.

ನಾನು ನಗಲಿಲ್ಲ. ಚೀಲವು ನನ್ನ ಮೊಣಕಾಲಿಗೆ ತಾಗಿಕೊಂಡಿತ್ತು. ಹೆಡ್‌ಮಾಸ್ತರರಿಗೆ ಉರ್ದು ಬರುತ್ತಿರಲಿಲ್ಲ, ಆದರೆ ಹುಮನಾಬಾದಿನ ಆ ವಕೀಲರು ಉರ್ದುವಿನಲ್ಲಿಯೇ ವಕೀಲಿ ಕಲಿತವರು. ಎಡಪುಟವನ್ನು ಅವರು ಓದದೆ ಬಿಡುವುದಿಲ್ಲ.

ಟಾಕೀಸಿನಲ್ಲಿ ಸಾಲಿನ ನಡುವಿನ ಕುರ್ಚಿ ನನಗೆ ಬಂತು. ಒಂದು ಕಡೆ ಹೆಡ್‌ಮಾಸ್ತರರು, ಇನ್ನೊಂದು ಕಡೆ ಜವಾನ. ಬಾಗಿಲುಗಳನ್ನು ಮುಚ್ಚಿ ಪರದೆ ಎಳೆದ ಮೇಲೆ ಒಳಗೆ ಶೆಕೆ ಹೆಚ್ಚಾಯಿತು. ಮುಂದೆ ಬರುವ ಪ್ರತಿಯೊಂದು ಸಂಗತಿಯೂ ನನಗೆ ಮೊದಲೇ ಗೊತ್ತಿತ್ತು. ದಿಂಬಿನ ಕೆಳಗಿನ ಪತ್ರ ಬಂತು. ಸತ್ತವನ ಕೊರಳಿನ ಹಾರವನ್ನು ಕಿರಿಯನು ತಾನೇ ಹಾಕಿಕೊಂಡು ಮಾಡುವ ಭಾಷಣ ಬಂತು. ಒಂದೊಂದಕ್ಕೂ ಹೆಡ್‌ಮಾಸ್ತರರು ಮೊಣಕೈಯಿಂದ ತಿವಿದು "ಬಂತು" ಎನ್ನುತ್ತಿದ್ದರು. ಮಂತ್ರಿಯ ಹೆಣದ ಮೆರವಣಿಗೆಯಲ್ಲಿ ಎಲ್ಲರೂ ಉದ್ದನೆಯ ಕೋಟು ತೊಟ್ಟಿದ್ದರು. ಸುತ್ತಲಿನ ಜನರು ಬೆವರು ಒರೆಸಿಕೊಳ್ಳುತ್ತ ಅದನ್ನು ನೋಡುತ್ತಿದ್ದರು. ಅದನ್ನು ಕಂಡಾಗ ನನಗೆ ಸ್ಪಷ್ಟವಾಯಿತು: ನನ್ನ ಉರ್ದು ಪುಸ್ತಕವನ್ನು ಬರೆದವರೂ ಈ ಚಿತ್ರವನ್ನು ತೆಗೆದವರೂ ಯಾವುದೋ ಚಳಿಯ ದೇಶದ ಒಂದೇ ಕಥೆಯನ್ನು ಎತ್ತಿಕೊಂಡಿದ್ದರು. ಕಲ್ಯಾಣದಿಂದ ಯಾರೂ ಏನನ್ನೂ ಕದ್ದಿರಲಿಲ್ಲ.

ಮಧ್ಯಂತರದಲ್ಲಿ ಚಹಾ ಕುಡಿಯುತ್ತಿದ್ದ ಅಪರಿಚಿತನಿಗೆ ಜವಾನನು ನನ್ನನ್ನು ತೋರಿಸಿ, "ಈ ಕಥಿ ನಮ್ಮ ಸಾಹೇಬ್ರು ಬರದಿದ್ದು" ಎಂದ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಂಗಾದ್ರ ಹಾಡು ಯಾಕ ಇಷ್ಟ ಹಾಕೀರಿ, ಸಾಹೇಬ್ರ? ನಿದ್ದಿ ಬರಾಕತ್ತದ" ಎಂದು ಕೇಳಿದ.

ಎರಡನೆಯ ಭಾಗದಲ್ಲಿ ಜವಾನನು ತನ್ನ ಪಾತ್ರಕ್ಕಾಗಿ ಕಾಯುತ್ತಿದ್ದ. ಅದು ಬರುವುದಿಲ್ಲವೆಂದು ನನಗೆ ತಿಳಿದಿತ್ತು. ಚಿತ್ರದಲ್ಲಿ ಕುರ್ಚಿಯಿತ್ತು, ಚುನಾವಣೆಯಿತ್ತು, ಬಂಗಲೆಯ ಮೆಟ್ಟಿಲುಗಳಿದ್ದವು. ಆದರೆ ಇಡೀ ಚಿತ್ರದಲ್ಲಿ ಒಬ್ಬನಾದರೂ ಅರ್ಜಿ ಹಿಡಿದು ಆ ಬಾಗಿಲಲ್ಲಿ ನಿಲ್ಲಲಿಲ್ಲ. ಅಧಿಕಾರವು ಯಾರ ಮೇಲೆ ನಡೆಯುತ್ತದೆಂಬುದು ಅದನ್ನು ತೆಗೆದವರಿಗೆ ಬೇಕಾಗಿರಲಿಲ್ಲ. ಎರವಲು ತಂದದ್ದರಿಂದ ಚಿತ್ರವು ಕೆಟ್ಟಿತೆಂದು ನಾನು ಹೇಳಲಾರೆ, ಹಾಗೆ ಹೇಳುವ ಹಕ್ಕು ನನಗಿಲ್ಲ. ತಂದ ಮೇಲೆ ತಮ್ಮ ಊರನ್ನು ಅವರು ಅದರಲ್ಲಿ ಸೇರಿಸಲಿಲ್ಲ. ದೀಪ ಹತ್ತಿದಾಗ ಜವಾನನು, "ನನ್ನ ಪಾರ್ಟ್ ಕದಿಯೋ ತಾಕತ್ತ ಅವರಿಗಿಲ್ರಿ" ಎಂದು ಎದ್ದ.

ವಕೀಲರ ಮನೆಯಲ್ಲಿ ಹೆಡ್‌ಮಾಸ್ತರರು ಮತ್ತು ನಾನು ಒಳಗೆ ಕುಳಿತೆವು, ಜವಾನನು ಹೊರಗಿನ ಕಟ್ಟೆಯ ಮೇಲೆ ಕುಳಿತ. ವಕೀಲರು ನೋಟ್‌ಬುಕ್ ತೆರೆದು, ನಾನು ಅಂದುಕೊಂಡಂತೆಯೇ ಎಡಪುಟಗಳನ್ನು ಓದತೊಡಗಿದರು. ಬಹಳ ಹೊತ್ತು ಓದಿದರು.

"ಮಾಸ್ತರ್ ಸಾಬ್, ಈ ಉರ್ದು ಯಾಕ ಅದ ಇದರಾಗ?"

ನಾನು ಬಾಯಿ ತೆರೆಯುವುದಕ್ಕೆ ಮುಂಚೆ ಹೆಡ್‌ಮಾಸ್ತರರೇ ಉತ್ತರಿಸಿದರು: "ಇಂವ ಉರ್ದುದಾಗ ಕಲ್ತಾಂವ. ಮೊದಲ ಉರ್ದುದಾಗ ವಿಚಾರ ಮಾಡಿ ಬರೀತಾನ, ಆಮ್ಯಾಲ ಕನ್ನಡ ಮಾಡ್ತಾನ."

"ವಾಹ್," ಎಂದರು ವಕೀಲರು, ಕನ್ನಡಕದ ಮೇಲಿನಿಂದ ನನ್ನನ್ನು ನೋಡುತ್ತ. "ಇಂಥಾ ಉರ್ದು ನಮ್ಮ ಉಸ್ತಾದರಿಗೂ ಬರ್ತಿರಲಿಲ್ಲ. ಕಲ್ಯಾಣದಾಗ ಹಿಮ ಯಾವಾಗ ಬಿದ್ದಿತ್ತು, ಸಾಹೇಬ್ರ?"

ಹೆಡ್‌ಮಾಸ್ತರರಿಗೆ ಆ ಮಾತು ತಿಳಿಯಲಿಲ್ಲ. ವಕೀಲರು ಬಿಳಿ ಹಾಳೆಯನ್ನು ನನ್ನ ಮುಂದೆ ಸರಿಸಿ, ಮೊದಲು ಹಲಫ್‌ನಾಮೆ, ಅಂದರೆ ಪ್ರಮಾಣಪತ್ರ ಬೇಕು, ಅಕ್ಷರ ನಿಮ್ಮದೇ ಇರಲಿ ಎಂದರು. "ಸದರಿ ನಾಟಕವು ಸಂಪೂರ್ಣವಾಗಿ ನನ್ನ ಸ್ವಂತ ರಚನೆಯಾಗಿದ್ದು, ಬೇರೆ ಯಾವುದೇ ಕೃತಿಯಿಂದ ತೆಗೆದುಕೊಂಡಿರುವುದಿಲ್ಲ ಎಂದು ದೇವರ ಸಾಕ್ಷಿಯಾಗಿ": ಇಷ್ಟನ್ನು ಹೆಡ್‌ಮಾಸ್ತರರು ನಿಧಾನವಾಗಿ ಹೇಳಿ ಬರೆಯಿಸಿದರು. ಇಂಥ ಎಷ್ಟೋ ಕಾಗದಗಳಿಗೆ ನಾನು ಬೇರೆಯವರಿಂದ ಹೆಬ್ಬೆಟ್ಟು ಹಾಕಿಸಿದ್ದೆ. ಸಹಿ ಮಾಡಿದರೆ ಸುಳ್ಳು ಪ್ರಮಾಣ. ಮಾಡದಿದ್ದರೆ, ನನಗೆ ಅಕ್ಷರ ಕಲಿಸಿದವರು ಇಷ್ಟು ವರ್ಷ ಒಬ್ಬ ಸುಳ್ಳನನ್ನು ಊರಿಗೆ ತೋರಿಸಿ ಹೆಮ್ಮೆಪಟ್ಟಂತಾಗುತ್ತದೆ. ಮೂರನೆಯ ದಾರಿ ನನಗೆ ಕಾಣಲಿಲ್ಲ. ಲೇಖನಿಯನ್ನು ಕೆಳಗಿಟ್ಟೆ.

"ಗುರುಗಳ, ಜವಾನಂದು ಒಂದ ಸೀನ್ ನಂದು. ಉಳಿದದ್ದು ಒಂದು ಉರ್ದು ಪುಸ್ತಕದ್ದು."

"ಯಾರ ಪುಸ್ತಕ?" ಎಂದು ಹೆಡ್‌ಮಾಸ್ತರರು ಕೇಳಿದರು.

"ಹೆಸರಿನ ಹಾಳಿ ಹರಿದಿತ್ರಿ."

ವಕೀಲರು ಕಿಟಕಿಯ ಕಡೆಗೆ ನೋಡಿದರು. ಹೆಡ್‌ಮಾಸ್ತರರು ನಾನು ಬರೆದ ಹಾಳೆಯನ್ನು ತೆಗೆದುಕೊಂಡು ಒಮ್ಮೆ ಓದಿದರು, ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟರು. "ಹ್ಯಾಂಡ್‌ಬಿಲ್‌ದಾಗ ಹೆಸರು ಹಾಕಿದಾಂವ ನಾನು. ಒಂದು ಮಾತು ನಿನ್ನ ಕೇಳಬೇಕಾಗಿತ್ತು," ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಾನು, "ಹೊರಗ ಜವಾನಗ ನಾನ ಹೇಳ್ತೀನ್ರಿ" ಎಂದೆ. ಅವರು ಆಗಲೇ ಚಪ್ಪಲಿ ಮೆಟ್ಟಿದ್ದರು.

ಕಟ್ಟೆಯ ಮೇಲಿದ್ದ ಜವಾನನು ಎದ್ದು, "ಏನಾತ್ರಿ?" ಎಂದು ಕೇಳಿದ.

"ಕೇಸು ನಿಲ್ಲಂಗಿಲ್ಲಂತ. ಬಾಂಬೆಯವರು ದೊಡ್ಡವರು," ಎಂದರು ಹೆಡ್‌ಮಾಸ್ತರರು.

ಹೆಡ್‌ಮಾಸ್ತರರು ಸುಳ್ಳಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನ್ನ ಮಾನವನ್ನೋ, ತಮ್ಮದನ್ನೋ, ಜವಾನನ ಸಂತೋಷವನ್ನೋ, ಯಾವುದನ್ನು ಉಳಿಸಲು ಆಡಿದರೆಂದು ನಾನು ಕೇಳಲಿಲ್ಲ. ಅದಾದ ಮೇಲೆ ನಾನು ನಿಜವನ್ನು ಹೇಳಿದರೆ ಅವರ ಮಾತೂ ಸುಳ್ಳಾಗುವಂತಾಯಿತು. ನನ್ನ ಸುಳ್ಳಿಗೆ ಅವರ ಸುಳ್ಳು ಚಿಲಕವಾಯಿತು. ಬಸ್ಸಿನಲ್ಲಿ ಅವರು ಮುಂದಿನ ಸೀಟಿನಲ್ಲಿ ಒಬ್ಬರೇ ಕುಳಿತರು. ಜವಾನನು ಕಂಡಕ್ಟರನಿಗೆ ಬಾಂಬೆಯವರ ಅನ್ಯಾಯವನ್ನು ವಿವರಿಸುತ್ತ ಬಂದ. ಅದು ಊರಿಗೆಲ್ಲ ಹಬ್ಬಿತು. ಮುಂದಿನ ರಾಜ್ಯೋತ್ಸವದಲ್ಲಿ, ಬಾಂಬೆಯವರೇ ಕದ್ದಂಥ ನಾಟಕವನ್ನು ಬರೆದವನೆಂದು ನನಗೆ ಶಾಲು ಹೊದಿಸಿದರು. ಹೆಡ್‌ಮಾಸ್ತರರು ಎದುರಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದರು. ನೋಟ್‌ಬುಕ್ಕನ್ನು ಅವರು ನನಗೆ ಮರಳಿಸಲಿಲ್ಲ, ನಾನೂ ಕೇಳಲಿಲ್ಲ.

ಈಗ ಅವರು ನಿವೃತ್ತರಾಗಿ ತಮ್ಮ ಊರಿಗೆ ಹೋಗಿ, ಅಲ್ಲಿಯೇ ತೀರಿಕೊಂಡ ಸುದ್ದಿಯು ಬಂದಿದೆ. ಇನ್ನು ನಾನು ನಿಜ ಹೇಳಿದರೆ ಅವರಿಗೆ ಉತ್ತರಿಸುವ ಕಷ್ಟವಿಲ್ಲ. ಅದನ್ನೇ ಕಾಯುತ್ತಿದ್ದೆನೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ. ಜವಾನನಿಗೆ ಇದನ್ನು ನಾಳೆ ಬೆಳಿಗ್ಗೆ ಓದಿ ಹೇಳಬೇಕಾಗಿದೆ. ಅವನ ದೃಶ್ಯ ಮಾತ್ರ ಎಲ್ಲಿಂದಲೂ ತಂದದ್ದಲ್ಲವೆಂದು ಮೊದಲು ಓದುತ್ತೇನೆ.

ತಾವು ಇದನ್ನು ಓದುವಾಗ ಅಕ್ಷರದಲ್ಲಾಗಲಿ, ಒತ್ತಿನಲ್ಲಾಗಲಿ, ಸಂಗತಿಯಲ್ಲಾಗಲಿ ತಪ್ಪು ಕಂಡಲ್ಲಿ ದಯವಿಟ್ಟು ಅಲ್ಲಲ್ಲಿಯೇ ತಿದ್ದಬೇಕು. ಆ ಉರ್ದು ನಾಟಕವನ್ನು ಬರೆದವರು ಯಾರೆಂದು ತಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವರ ಹೆಸರನ್ನೂ ಬರೆದು ಸೇರಿಸಬೇಕಾಗಿ ವಿನಂತಿ.